ಚಿಮಣಿ ಆರಿದ ದಿನ

ಗಂಡನ ಕೆಮ್ಮು ನೋಡಲಾಗದೆ ದಾಕ್ಷಾಯಿಣಿ ಎರಡು ವರ್ಷ ಕಚೇರಿ ಕಚೇರಿ ಅಲೆದಿದ್ದಳು. ಕಡೆಗೂ ಕಾರ್ಖಾನೆಯ ಹೊಗೆ ಅಳೆಯಲು ಡ್ರೋನ್ ಬಂತು. ಆದರೆ ದಿನವಿಡೀ ಮಸಿ ಉಗುಳುತ್ತಿದ್ದ ಚಿಮಣಿ ಅಂದು ತಣ್ಣಗೆ ನಿಂತಿತ್ತು.

“ಗಾಳಿ ಚಲೋ ಐತಿ ಅಂತನ ಬರೀಬೇಕ್ರಿ. ಯಾರೋ ಕಾರ್ಖಾನಿಗೆ ಮೊದಲ ಸುದ್ದಿ ಮುಟ್ಟಿಸ್ಯಾರ,” ಎಂದು ಅಧಿಕಾರಿ ಡ್ರೋನನ್ನು ಪೆಟ್ಟಿಗೆಗೆ ಹಾಕಿದ.

ಮನೆಗೆ ಬಂದವಳು ಗಂಡನ ಮಗ್ಗುಲಲ್ಲಿ ಕುಸಿದು ಕೂತು ಬಿಕ್ಕಿದಳು.

“ನಮ್ಮೋರ ಯಾರೋ ಕೈ ಕೊಟ್ರು ನೋಡ್ರಿ. ಅವರ ಮನಿಯಾಗ ಯಾರೂ ಕೆಮ್ಮೂದಿಲ್ಲೇನು?”

ಅವನು ಅವಳ ಬೆನ್ನು ಸವರಿದ. ಕೆಮ್ಮು ಬಂತು. ಅದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

“ಕಾರ್ಖಾನಿ ಮುಚ್ಚಿದ್ರ ಅಳಿಯನ ಕೆಲಸ ಹೋಗತಿತ್ತು,” ಎಂದ. “ಇವತ್ತೊಂದಿನ ಚಿಮಣಿ ಆರಸ್ರಿ ಅಂತ ನಾನ ಹೇಳಿ ಬಂದೆ.”