ಮಾದರಿ ಕೋಣೆ

ಬಾಗಿಲ ಹೊರಗಿನ ಮೀಟರು ಮಧ್ಯಾಹ್ನ ಕೋಣೆಯೊಳಗಿನ ಕಾವು ಮತ್ತೆ ಮೂವತ್ತಮೂರು ಡಿಗ್ರಿ ತೋರಿಸಿದಾಗ ಎಂಜಿನಿಯರ್ ಕುಬರಾ ಅದನ್ನು ಬೆರಳಿನಿಂದ ತಟ್ಟಿ ನೋಡಿದಳು. ಹೊರಗೆ ಬೀದರಿನ ಬಿಸಿಲು ನಲವತ್ತಮೂರು. ಮೂರು ಗಂಟೆಗೆ ಕಾಶೀರಾಮ ಸಾವಕಾರರು ಬರುತ್ತಾರೆ. ಆಗ ಕೋಣೆಯ ಒಳಗಿನ ಕಾವು ಮೂವತ್ತೊಂದು ದಾಟಿದ್ದರೆ ಅವಳ ಗೋಡೆಗೆ ಇವತ್ತೇ ಎಳ್ಳುನೀರು.

ಅದನ್ನು ಗೋಡೆ ಎಂದರೆ ನೋಡಿದವರು ನಗುತ್ತಿದ್ದರು. ಇಟ್ಟಿಗೆಯಿಲ್ಲ, ದಪ್ಪ ಕಂಬವಿಲ್ಲ. ಬಿಗಿದ ಉಕ್ಕಿನ ತಂತಿಗಳಿಗೆ ತೂಗುಹಾಕಿದ ಗಾಜು, ಅದರ ಮುಂದೆ ಒಂದು ಮೊಳ ಬಿಟ್ಟು, ಹೊರಗಿನಿಂದ ಒಳಗೇನಿದೆ ಕಾಣಗೊಡದ ನೆರಳಿನ ಜಾಲರಿ. ನಡುವಿನ ಗಾಳಿ ಕಾವನ್ನು ಹೊತ್ತು ಮೇಲಕ್ಕೆ ಹೋಗಬೇಕು, ಎಸಿಯ ಹಂಗಿಲ್ಲದೆ ಕೋಣೆ ತಂಪಿರಬೇಕು. ಸಾವಕಾರರು ಜನವಾಡ ರಸ್ತೆಯಲ್ಲಿ ಕಟ್ಟಿಸುವ ಹೊಸ ಕಾಲೇಜಿಗೆ ಇಂಥದೇ ಗೋಡೆ ಹಾಕೋಣವೆಂದು ಅವಳು ಅವರ ಬೆನ್ನುಬಿದ್ದು ಎರಡು ವರ್ಷವಾಗಿತ್ತು. ಮೊದಲು ಒಂದು ಮಾದರಿ ಕೋಣೆ ಕಟ್ಟಿ ತೋರಿಸಿ ಎಂದಿದ್ದರು. ಕಟ್ಟಿದಳು. ಮೊದಲ ವಾರ ಎಲ್ಲ ಸರಿಯಿತ್ತು. ಬೇರೆ ಕೆಲಸಕ್ಕೆಂದು ಮೂರು ದಿನ ಭಾಲ್ಕಿಗೆ ಹೋಗಿ ಬರುವಷ್ಟರಲ್ಲಿ ಹಾಳಾದ ಮೀಟರು ಎರಡು ಡಿಗ್ರಿ ಏರಿ ಕೂತಿತ್ತು.

"ತಂತಿ ಸಡಿಲ ಬಿಟ್ಟೀ ಏನು, ಮಚ್ಛೇಂದ್ರ?"

ತಂತಿ ಬಿಗಿಯುವ ಮಚ್ಛೇಂದ್ರ, ಬರಕ್ಕೆ ಔರಾದ ಕಡೆಯಿಂದ ಊರು ಬಿಟ್ಟು ಬಂದು ಇಲ್ಲಿ ತಗಡಿನ ಶೆಡ್ಡುಗಳಲ್ಲಿ ಉಳಿದ ಹದಿನಾಲ್ಕು ಮನೆಯವರಲ್ಲಿ ಒಬ್ಬ. "ಇಲ್ರಿ ಮ್ಯಾಡಮ್," ಎಂದು ನೆಲ ನೋಡಿದ. ತನ್ನ ಕೆಲಸದಲ್ಲಿ ತಪ್ಪು ತೆಗೆದರೆ ಜಗಳಕ್ಕೇ ನಿಲ್ಲುವ ಮನುಷ್ಯ ಇವತ್ತು ಇಷ್ಟು ಮೆತ್ತಗಾದದ್ದು ಕಂಡು ಕುಬರಾಳಿಗೆ ಸಂಶಯ ಬಂತು. ಸರಸರನೆ ಹೋಗಿ ಬಾಗಿಲು ತೆರೆದಳು.

ಒಳಗೆ ಹೊರಸಿನ ಮೇಲೆ ಅವನ ಹೆಂಡತಿ ಗಿರಿಜಾಬಾಯಿ, ಮಗ್ಗುಲಲ್ಲಿ ಹನ್ನೊಂದು ದಿನದ ಕೂಸು. ಕೂಸಿನ ತಲೆಗೆ ಉಣ್ಣೆಯ ಕುಲಾವಿ. ಹೊರಸಿನ ಕೆಳಗೆ ಕೆಂಡದ ಬೋಗುಣಿ. ಅವನ ತಾಯಿ ಶೇವಂತಾಬಾಯಿ ಅದಕ್ಕೆ ಇದ್ದಿಲು ಹಾಕುತ್ತಿದ್ದಳು.

"ಅಯ್ಯಯ್ಯ! ಇಂಥಾ ಬಿಸಿಲಾಗ ಕೆಂಡ ಯಾಕ್ರಿ ಅಮ್ಮಾ?"

"ಶೆಡ್ಡಿನ್ಯಾಗ ಇದ್ದಾಗ ಹಾಕಿದ್ದಿಲ್ರಿ ಬಾಯಿ. ಅಲ್ಲಿ ತಗಡ ಕಾದು ಕೂಸು ಬೆಂದು ಹೋಗ್ಲಾಕತ್ತಿತ್ತು, ಅದಕ್ಕೇ ಇಲ್ಲಿ ತಂದೀವಿ. ಇಲ್ಲಿ ನೋಡಿದ್ರ ಭಾಳ ಥಂಡಿ ಅದರಿ. ಬಾಣಂತಿಗಿ ಥಂಡಿ ಹತ್ತಿದ್ರ ಹ್ಯಾಂಗ್ರಿ?"

ಕುಬರಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ವರ್ಷದಲ್ಲಿ ತನ್ನ ಗೋಡೆಯನ್ನು ಇಷ್ಟು ಬಾಯ್ತುಂಬ ಹೊಗಳಿದವರು ಒಬ್ಬರೂ ಇರಲಿಲ್ಲ. ಬೋಗುಣಿಯನ್ನು ತಾನೇ ಎತ್ತಿ ಹೊರಗಿಟ್ಟಳು. ಪರೀಕ್ಷೆಯ ಹೊತ್ತಿನಲ್ಲಿ ಒಳಗೆ ಯಾರೂ ಇರಬಾರದೆಂಬುದು ನಿಯಮ. ಆದರೆ ಗಾಜಿನಾಚೆ ಕುದಿಯುತ್ತಿದ್ದ ತಗಡಿನ ಶೆಡ್ಡುಗಳನ್ನು ನೋಡಿ ಎದ್ದೇಳಿ ಎನ್ನಲು ಬಾಯಿ ಬರಲಿಲ್ಲ. "ಸಾವಕಾರ್ರ ಗಾಡಿ ಬರೋತನಕ ಇಲ್ಲೇ ಮಲಗ್ರಿ," ಎಂದಳು.

ಮೂರು ಗಂಟೆಗೆ ಗಾಡಿ ಬಂತು. ಬಾಣಂತಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಆಗಲೇ ಶೆಡ್ಡು ಸೇರಿದ್ದಳು. ಹೊರಸೂ ಹೋಗಿತ್ತು. ಮೀಟರಿನಲ್ಲಿ ಮೂವತ್ತೂವರೆ.

ಸಾವಕಾರರು ಒಳಹೊಕ್ಕು, ಕೊರಳ ಬೆವರು ಒರೆಸಿಕೊಂಡು, ಗಾಜಿಗೆ ಅಂಗೈ ಒತ್ತಿ ನೋಡಿದರು. "ಶಾಬಾಸ್! ಗೆದ್ರಿ ಬಿಡ್ರಿ. ಸೋಮವಾರದಿಂದ ಕಾಲೇಜಿನ ಗೋಡಿ ಶುರು ಮಾಡ್ರಿ. ಈ ಕೋಣಿ ಕೆಲಸ ಮುಗೀತಲ್ಲ, ನಾಳಿನೇ ಬಿಚ್ಚಿಸಿಬಿಡ್ರಿ."

ಕುಬರಾಳ ಜೀವ ಹಿಗ್ಗಿತು, ಮರುಗಳಿಗೆಯೇ ಗಾಜಿನಾಚೆಯ ಶೆಡ್ಡು ಕಣ್ಣಿಗೆ ಬಿತ್ತು. ಬಾಗಿಲಲ್ಲಿ ಮಚ್ಛೇಂದ್ರ ತಂತಿ ಬಿಗಿಯುವ ಪಾನಾ ಹಿಡಿದು ನಿಂತಿದ್ದ. ಬಿಚ್ಚುವುದೂ ಅವನ ಕೈಯಿಂದಲೇ ಆಗಬೇಕಿತ್ತು.

"ಇನ್ನೊಂದು ತಿಂಗಳು ಇರ್ಲಿರಿ ಸಾವಕಾರ್ರೆ," ಎಂದಳು. ನೆಪ ಹೇಳಿ ರೂಢಿಯಿಲ್ಲದೆ ನಾಲಿಗೆ ತಡವರಿಸಿತು. "ಖಾಲಿ ಕೋಣಿ ನೋಡೀವಿ. ಒಳಗ ಮನುಷ್ಯಾರು ಇದ್ದಾಗ ಎಷ್ಟು ತಂಪಿರ್ತದ ಅಂತ ಇನ್ನಾ ಪರೀಕ್ಷಾ ಮಾಡಬೇಕ್ರಿ."

ಶೆಡ್ಡಿನ ಕಡೆಯಿಂದ ಕೂಸು ಕಿಟಾರನೆ ಚೀರಿತು. ಸಾವಕಾರರು ಕರವಸ್ತ್ರ ಮಡಚಿ ಕಿಸೆಗಿಟ್ಟರು.

"ಆಗಲಿ. ಆದರ ಒಂದು ತಿಂಗಳು ಇದ್ರಾಗ ಇರ್ಲಿಕ್ಕ ಮನುಷ್ಯಾರನ್ನ ಎಲ್ಲಿಂದ ತರ್ತೀರಿ?"