ಯಾರು ಯಾರಿಗೆ ಬನ್ನಿ ಕೊಡಬೇಕು

"ನಿಮ್ಮ ತಂದೆಯವರನ್ನ ಆ ಬೆಂಚಿನ ಮ್ಯಾಲೆ ಕೂಡಿಸ್ರಿ," ಅಂದ ಪೌರತ್ವ ಕಚೇರಿಯ ಗುಮಾಸ್ತ. ಅವರು ತಂದೆಯಲ್ಲ, ಗಂಡ ಎಂದು ತಿದ್ದುವುದನ್ನು ನೀಲವ್ವ ಬಿಟ್ಟು ಎಷ್ಟೋ ವರ್ಷವಾಗಿತ್ತು. ಪೌರತ್ವದ ಅರ್ಜಿ ಹಾಕಿದವರ ವಯಸ್ಸು, ಕಾಗದದಲ್ಲಷ್ಟೇ ಅಲ್ಲ, ಮೈಯಲ್ಲೂ ಹಾಕಿದ ದಿನಕ್ಕೇ ನಿಲ್ಲುತ್ತದೆ. ಪೌರತ್ವ ಸಿಕ್ಕ ಮೇಲೆಯೇ ಮುಂದಕ್ಕೆ ಹೋಗುವುದು. ಹಾಕಿದಾಗ ಅವಳಿಗೆ ಮೂವತ್ತೆರಡು. ಮಗಳು ಅಕ್ಷತಾ ಆಗ ತೊಟ್ಟಿಲಲ್ಲಿದ್ದಳು.

ಗುಮಾಸ್ತ ಕಡತ ತಿರುವಿದ. "ಗಂಡ ಇಲ್ಲಿಯವರು ಅಂತ ನಿಮ್ಮದು ಲಗೂನ ಆಗ್ತದ್ರಿ ಅಕ್ಕಾರ. ಇನ್ನೊಂದು ಆರೇಳು ವರ್ಷ ಅಷ್ಟ."

ಮರುದಿನ ದಸರೆ. ಸಂಜೆ ಬನ್ನಿ ಎಲೆ ಹಂಚುವ ಹೊತ್ತು. ಕಿರಿಯರು ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆ ಬೀಳಬೇಕು. ಅಕ್ಷತಾಗೆ ಹೋದ ತಿಂಗಳಷ್ಟೇ ಮೂವತ್ಮೂರು ತುಂಬಿತ್ತು. ನೀಲವ್ವ ತಲೆಯ ಮೇಲೆ ಸೆರಗು ಹೊದ್ದು, ಎಲೆ ಹಿಡಿದು ಮಗಳ ಮುಂದೆ ಬಾಗಿದಳು.

"ಏನ್ ಮಾಡಾಕತ್ತೀ ಯವ್ವಾ?"

"ನೀ ಈಗ ನನಗಿಂತ ದೊಡ್ಡಾಕಿ. ಪದ್ಧತಿ ತಪ್ಪಬಾರದು."

ಅಕ್ಷತಾ ತಾಯಿಯ ತೋಳು ಹಿಡಿದು ಎತ್ತಿದಳು. ಆ ಎಲೆಯನ್ನೇ ಕಸಿದುಕೊಂಡು, ತಿರುಗಿ ಅವಳ ಅಂಗೈಗೆ ಒತ್ತಿ, ಕಾಲಿಗೆ ಬಿದ್ದಳು. "ಕಚೇರಿಯವರ ಲೆಕ್ಕ ಕಚೇರಿಯಾಗ ಇರಲಿ. ನೀ ನನ್ನ ಹಡದಾಕಿ."

ಮಗಳ ನೆತ್ತಿಯ ಮೇಲೆ ಕೈಯಿಡುವಾಗ ನೀಲವ್ವನಿಗೆ ಬೈತಲೆಯ ಪಕ್ಕದಲ್ಲಿ ಒಂದು ಬಿಳಿಕೂದಲು ಕಂಡಿತು. ಪ್ರತಿ ದಸರೆಗೂ "ನೂರು ವರ್ಷ ಬಾಳು" ಎಂದು ಹರಸುತ್ತಿದ್ದ ಬಾಯಿ ಈ ಸಲ ತಡೆಯಿತು.

"ಸಾವಕಾಶ ಬಾಳವ್ವಾ," ಅಂದಳು. "ನಾನೂ ಬರತೇನಿ."