ಕೃಷ್ಣನಿಗೆ ಕಣ್ಣು ಬರೆದ ದಿನ

ಹಾಡು ಶುರುವಾಗುವುದಕ್ಕೆ ಮೊದಲೇ ಚಿತ್ರಗಾರ ತೊಳೆದ ಕುಂಚವನ್ನೇ ಮೂರು ಸಲ ತೊಳೆದ. ಭಜನಾ ಮಂದಿರದ ಗೋಡೆಯ ಮೇಲೆ ಆಳೆತ್ತರದ ಕೃಷ್ಣ ಕೊಳಲು ಊದುತ್ತ ನಿಂತಿದ್ದ. ಕಣ್ಣು ಮಾತ್ರ ಬಾಕಿ. ಕಣ್ಣು ಬರೆಯುವಾಗ ಯಾರಾದರೂ ಹಾಡುತ್ತಿರಬೇಕು, ಹಾಡು ನಡುವೆ ನಿಲ್ಲಬಾರದು ಎಂಬುದು ಅಲ್ಲಿನ ನೇಮ. ಹಾಡುವವನು ಚಿತ್ರಗಾರನ ಹೆಂಡತಿಯ ಅಣ್ಣ. ಭಕ್ತಿಗೆ ಕೊರತೆಯಿಲ್ಲ, ಕಂಠ ಮಾತ್ರ ದೇವರಿಗೇ ಪ್ರೀತಿ.

ಹೋದ ಸಲ ರಾಮನಿಗೆ ಕಣ್ಣು ಬರೆಯುವಾಗ ಭಾವ ಇದ್ದಕ್ಕಿದ್ದಂತೆ ಮೇಲಿನ ಸ್ವರಕ್ಕೆ ಹಾರಿದಾಗ ಕುಂಚವೂ ಹಾರಿತ್ತು. ಆ ರಾಮ ಈಗಲೂ ಒಳಕೋಣೆಯಲ್ಲಿ ಒಂದು ಕಣ್ಣಿನಿಂದ ಸೀತೆಯನ್ನೂ ಇನ್ನೊಂದರಿಂದ ಕಿಟಕಿಯನ್ನೂ ನೋಡುತ್ತಿದ್ದಾನೆ. ಇದೂ ಕೆಟ್ಟರೆ ಇನ್ನು ಯಾರೂ ತನ್ನ ಕೈಗೆ ಗೋಡೆ ಕೊಡುವುದಿಲ್ಲವೆಂದು ಚಿತ್ರಗಾರನಿಗೆ ಗೊತ್ತಿತ್ತು.

"ನಮ್ಮಣ್ಣ ಹಾಡಿದ್ರೆ ಕಲ್ಲೂ ಕರಗುತ್ತೆ" ಎಂದು ಎಲ್ಲರ ಮುಂದೆ ಹೇಳುವ ಹೆಂಡತಿಯೇ ದೀಪದ ಹತ್ತಿಯಲ್ಲಿ ಎರಡು ಉಂಡೆ ಮಾಡಿ ಗಂಡನ ಅಂಗೈಗೆ ತುರುಕಿದಳು. "ಬೇಗ ಕಿವಿಗಿಟ್ಕೊಳ್ಳಿ, ಮೇಲೆ ಟವೆಲ್ ಸುತ್ಕೊಳ್ಳಿ. ಅಣ್ಣನಿಗೆ ಗೊತ್ತಾದ್ರೆ ನಾನು ತವರಿನ ಮುಖ ನೋಡೋ ಹಾಗಿಲ್ಲ."

ಹಾರ್ಮೋನಿಯಂ ಒಮ್ಮೆ ನರಳಿದ್ದು ಕೇಳಿಸಿತು, ಆಮೇಲೆ ಏನೂ ಇಲ್ಲ. ಅಂಥ ನೆಮ್ಮದಿಯನ್ನು ಚಿತ್ರಗಾರ ಮದುವೆಯಾದಂದಿನಿಂದ ಕಂಡಿರಲಿಲ್ಲ. ರೆಪ್ಪೆಯ ಗೆರೆ ಎಳೆದ, ಬಿಳಿ ತುಂಬಿದ, ಉಸಿರು ಬಿಗಿಹಿಡಿದು ಕಪ್ಪು ಗುಡ್ಡೆ ಇಟ್ಟ. ಕೃಷ್ಣ ನೇರವಾಗಿ ಅವನನ್ನೇ ನೋಡಿದ. ಚಿತ್ರಗಾರನ ಎದೆ ತುಂಬಿ ಬಂತು.

ತಿರುಗಿದರೆ ಭಾವ ಕೆನ್ನೆ ಒದ್ದೆ ಮಾಡಿಕೊಂಡು ಕೂತಿದ್ದ. ಅಯ್ಯೋ ಪಾಪ ಅನ್ನಿಸಿತು. ಟವೆಲ್ಲಿನ ಜೊತೆಗೇ ಹತ್ತಿಯನ್ನೂ ಎಳೆದು ಜೇಬಿಗೆ ಸೇರಿಸಿ, "ಭಾವ, ಇವತ್ತು ಹಾಡಿದ ಹಾಗೆ ನೀವು ಯಾವತ್ತೂ ಹಾಡಿರ್ಲಿಲ್ಲ" ಎಂದ.

ಭಾವನ ಮುಖ ಬಿಳಿಚಿತು. "ನಾನೆಲ್ಲಿ ಹಾಡಿದೆ? ಕಣ್ಣು ಮೂಡೋದು ನೋಡ್ತಾ ನೋಡ್ತಾ ಮೊದಲನೇ ಸಾಲಿಗೇ ಗಂಟಲು ಕಟ್ಕೊಂಡ್ಬಿಡ್ತು. ನೇಮ ಕೆಡಿಸಿಬಿಟ್ಟೆನಲ್ಲಾ ಅಂತ ಅಳ್ತಾ ಕೂತಿದೀನಿ. ನಿಮಗೆ ಯಾರ ಹಾಡು ಕೇಳಿಸ್ತು?"

ಚಿತ್ರಗಾರ ಜೇಬಿನೊಳಗಿನ ಹತ್ತಿಯನ್ನು ಇನ್ನಷ್ಟು ಆಳಕ್ಕೆ ತಳ್ಳಿದ. ಹೆಂಡತಿ ಒಂದಿಷ್ಟೂ ತಡವರಿಸದೆ ಹೇಳಿದಳು: "ಇನ್ಯಾರದು ಅಣ್ಣ? ನೀನು ನಿಲ್ಲಿಸಿದ ಮೇಲೆ ಕೃಷ್ಣನೇ ಮುಂದುವರಿಸಿರ್ಬೇಕು. ನಿನ್ನ ದನೀಲೇ."

ಭಾವ ಚಿತ್ರದ ಕಡೆ ತಿರುಗಿದ. ಮುಖ ಅರಳಿತು. "ನನ್ನ ದನಿ ಅವನಿಗೆ ಅಷ್ಟು ಇಷ್ಟಾನಾ?" ಎಂದವನು ಹಾರ್ಮೋನಿಯಂ ಹತ್ತಿರಕ್ಕೆಳೆದುಕೊಂಡ. "ಹಾಗಾದ್ರೆ ಗೊತ್ತಿರೋದೆಲ್ಲ ಈಗಲೇ ಹಾಡಿಬಿಡ್ತೀನಿ."

ಗಂಡ ಹೆಂಡತಿ ಇಬ್ಬರೂ ಮೆಲ್ಲಗೆ ಬಾಗಿಲ ಕಡೆ ಜಾರಿದರು. ಆಗಷ್ಟೇ ಕಣ್ಣು ಬಿಟ್ಟ ಕೃಷ್ಣ ಒಬ್ಬನೇ ಸಿಕ್ಕಿಬಿದ್ದ. ಕಿವಿ ಮುಚ್ಚಿಕೊಳ್ಳೋಣವೆಂದರೆ, ಪಾಪ, ಎರಡೂ ಕೈ ಕೊಳಲಿನ ಮೇಲಿದ್ದವು.